ಜ್ವರ ಬಿಟ್ಟವರಿಗೆ ಕೊಡಲು ಚಿತ್ರದುರ್ಗದ ಬಿಸಿಲಲ್ಲಿ ಮನೆಯಲ್ಲೇ ಸೊಪ್ಪು ಬೆಳೆಯಬಹುದೇ?

ಬೆಳೆಯಬಹುದು. ಬೇಸಿಗೆಯಲ್ಲಿ ಮೆಂತ್ಯ ಬೇಡ, ಹರಿವೆ ಹಾಕಿ. ಬಿಸಿಲಿಗೆ ಅದು ಜಗ್ಗುವುದಿಲ್ಲ. ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಚಿಟಿಕೆ ಬೀಜವನ್ನು ಹಿಡಿ ಮರಳಲ್ಲಿ ಬೆರೆಸಿ ಎರಚಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಬಹಳ ಜನ ಎಡವುವುದು ಇಲ್ಲೇ: ಆಳಕ್ಕೆ ಹೋದ ಸಣ್ಣ ಬೀಜ ಮೇಲೇಳುವುದಿಲ್ಲ, ಚೆಂಬಿನಿಂದ ನೀರು ಸುರಿದರೆ ಬೀಜವೆಲ್ಲ ಮೂಲೆ ಸೇರುತ್ತದೆ. ಕೈಯಲ್ಲೇ ಚಿಮುಕಿಸಿ. 25–30 ದಿನಕ್ಕೆ ಎಳೆ ಸೊಪ್ಪು ಸಿಗುತ್ತದೆ.

ಒಂದು ಹಿಡಿ ಸೊಪ್ಪನ್ನು ತೊಳೆದು, ನವಣೆ-ಹೆಸರುಬೇಳೆ ಗಂಜಿಗೆ ಹಾಕಿ ಮೆತ್ತಗೆ ಬೇಯಿಸಿ. ಇಳಿಸಿದ ಮೇಲೆ ನಿಂಬೆ ಹಿಂಡಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಅದು ನೆರವಾಗುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಲೇಬೇಡಿ, ಹರಿವೆಯಲ್ಲಿ ಪೊಟ್ಯಾಸಿಯಂ ಹೆಚ್ಚು.