ಆರ್‌ಎಸ್‌ಎ ಮುರಿದರು ಅನ್ನುವವರಿಗೆ ಏನು ಹೇಳೋದು?

ಅವರು ಬರೀ ತಲೆಬರಹ ಓದಿದ್ದಾರೆ, ಎಡವಟ್ಟು ಆಗಿರುವುದು ಅಲ್ಲೇ. ಆರ್‌ಎಸ್‌ಎ ಅಂದರೆ ಇಂಟರ್ನೆಟ್ಟಿನಲ್ಲಿ ಮಾಹಿತಿ ಗುಟ್ಟಾಗಿಡುವ ಒಂದು ಬೀಗ; ಒಂದು ದೊಡ್ಡ ಸಂಖ್ಯೆಯನ್ನು ಒಡೆದರೆ, ಅಂದರೆ ಯಾವ ಎರಡು ಸಂಖ್ಯೆ ಗುಣಿಸಿ ಅದು ಬಂತು ಎಂದು ಕಂಡುಹಿಡಿದರೆ, ಆ ಬೀಗ ತೆರೆಯುತ್ತದೆ. 'ಚೀನಾದವರು ಕ್ವಾಂಟಮ್ ಕಂಪ್ಯೂಟರಿನಿಂದ ಆರ್‌ಎಸ್‌ಎ ಮುರಿದರು, ಬ್ಯಾಂಕ್ ಆ್ಯಪ್ ತೆಗೆದುಹಾಕಿ' ಎಂದು ನಿಮ್ಮ ಜೊತೆ ವಾದ ಮಾಡಿದವರು ಹೇಳುತ್ತಿರುವುದು ಬಹುಶಃ 2024ರ ಶಾಂಘೈ ವಿಶ್ವವಿದ್ಯಾಲಯದ ಪ್ರಯೋಗದ ಸುದ್ದಿ. (ಕ್ವಾಂಟಮ್ ಕಂಪ್ಯೂಟರ್ ಅಂದರೆ ಅಣುಮಟ್ಟದ ಭೌತಿಕ ನಿಯಮ ಬಳಸಿ ಲೆಕ್ಕ ಮಾಡುವ ಬೇರೆ ಬಗೆಯ ಯಂತ್ರ.) ನನಗೂ ಇದೇ ವಾದ ಎದುರಾಗಿತ್ತು.

ಮೊದಲು ಒಂದೇ ಪ್ರಶ್ನೆ ಕೇಳಿ: ಎಷ್ಟು ಬಿಟ್, ಅಂದರೆ ಒಡೆದ ಸಂಖ್ಯೆ ಎಷ್ಟು ಉದ್ದ? ಅಲ್ಲಿ ಒಡೆದದ್ದು 22 ಬಿಟ್‌ನ ಸಂಖ್ಯೆ. ಅಂದರೆ ಹೆಚ್ಚೆಂದರೆ ಏಳು ಅಂಕಿ. ನಿಮ್ಮ ಮೊಬೈಲೇ ಅದನ್ನು ಕಣ್ಣು ಮಿಟುಕಿಸುವುದರೊಳಗೆ ಒಡೆಯುತ್ತದೆ, ಕ್ವಾಂಟಮ್ ಯಾಕೆ ಬೇಕು? ಇಂಟರ್ನೆಟ್ಟಿನಲ್ಲಿ ಸಾಮಾನ್ಯವಾಗಿ ಬಳಸುವುದು 2048 ಬಿಟ್, ಅಂದರೆ 617 ಅಂಕಿ. ಬಿಟ್ ನೂರು ಪಟ್ಟಾದರೆ ಒಡೆಯುವ ಕೆಲಸ ಬರೀ ನೂರು ಪಟ್ಟಾಗುವುದಿಲ್ಲ, ಊಹೆಗೂ ಸಿಗದಷ್ಟು ಬೆಳೆಯುತ್ತದೆ. ಇದನ್ನು ನಿಧಾನವಾಗಿ ಬಿಡಿಸಿ ಹೇಳಿ. ಅರ್ಧ ಜಗಳ ಇಲ್ಲೇ ತಣ್ಣಗಾಗುತ್ತದೆ.

ಆಮೇಲೆ ಅವರ ಮಾತಿನಲ್ಲಿ ನಿಜ ಇರುವಷ್ಟನ್ನು ಒಪ್ಪಿಕೊಳ್ಳಿ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಆರ್‌ಎಸ್‌ಎ ಉಳಿಯದು ಎಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಅದು ಯಾವಾಗ ಬರುತ್ತದೆ ಅನ್ನೋದು ಯಾರಿಗೂ ಖಚಿತವಿಲ್ಲ. ಅದಕ್ಕೇ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಕ್ವಾಂಟಮ್‌ಗೂ ಜಗ್ಗದಂಥ ಹೊಸ ಗೂಢಲಿಪಿ ವಿಧಾನಗಳ ಮಾನದಂಡ ಹೊರಡಿಸಿತು.

ಬ್ಯಾಂಕ್ ಆ್ಯಪ್ ತೆಗೆಯಬೇಡಿ. ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ, ಸಾಕು. ಇವತ್ತಿಗೆ ಇದಕ್ಕಿಂತ ಜಾಸ್ತಿ ಭಯ ಒಟಿಪಿ ಕೇಳುವ ಕರೆಗಳದ್ದು. ಬಂದರೆ ಸುಮ್ನೆ ಕಟ್ ಮಾಡಿ.