ಪುಂಡಿ ನಾರು, ಭತ್ತದ ಹೊಟ್ಟಿನ ಬೂದಿಯಂಥ ನೈಸರ್ಗಿಕ ವಸ್ತು ಹಾಕಿ ಕಾಂಕ್ರೀಟ್‌ನಲ್ಲಿ ಸಿಮೆಂಟ್ ಕಡಿಮೆ ಮಾಡಬಹುದಾ?

ನಾರಿನಿಂದ ಸಿಮೆಂಟ್ ಉಳಿಯುವುದಿಲ್ಲ. ಪುಂಡಿ ನಾರಾಗಲಿ, ತೆಂಗಿನ ನಾರಾಗಲಿ, ಅದರ ಕೆಲಸ ಬಿರುಕು ಬಾಯಿ ಬಿಡದಂತೆ ಹಿಡಿಯುವುದು. ಅದನ್ನು ಸುತ್ತಿಕೊಳ್ಳಲು ಸಿಮೆಂಟ್ ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ. ಉಳಿಸುವುದು ಬೂದಿ. ನಾನು ದುಡ್ಡು ಕಳೆದುಕೊಂಡದ್ದೂ ಬೂದಿಯಲ್ಲೇ.

ಗಂಗಾವತಿ ಹತ್ತಿರ ಕಾಂಪೌಂಡ್ ಸ್ಲ್ಯಾಬ್, ಚರಂಡಿ ಮುಚ್ಚಳ ಮಾಡುತ್ತಿದ್ದೆ. ಸುತ್ತಲೂ ರೈಸ್ ಮಿಲ್ಲುಗಳು, ಬಾಯ್ಲರಿಗೆ ಭತ್ತದ ಹೊಟ್ಟೇ ಉರುವಲು. ಹೊಟ್ಟು ಸುಟ್ಟರೆ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಬೂದಿ ಉಳಿಯುತ್ತದೆ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ಶೇ. 85ರಿಂದ 95 ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶವೇ. ನಾನು ಓದಿಕೊಂಡಿದ್ದು ಇಷ್ಟೇ. ಒಂದು ಮಿಲ್ಲಿನಿಂದ ಟ್ರ್ಯಾಕ್ಟರ್ ಬಾಡಿಗೆಯಷ್ಟೇ ಕೊಟ್ಟು ಕಪ್ಪು ಬೂದಿ ತಂದೆ. ಜರಡಿ ಹಿಡಿದು, ಸಿಮೆಂಟಿನ ಕಾಲು ಭಾಗ ತೆಗೆದು, ಆ ಜಾಗಕ್ಕೆ ಹಾಗೇ ಸುರಿದೆ.

ಅರೆಸದೆ ಸುರಿದದ್ದೇ ತಪ್ಪು. ಸಿಲಿಕಾ ಇದ್ದರೆ ಸಾಲದು, ಸಿಮೆಂಟ್ ಗಟ್ಟಿಯಾಗುವಾಗ ಹೊರಬರುವ ಸುಣ್ಣದ ಜೊತೆ ಅದು ಕೂಡಬೇಕು, ಆಗಲೇ ಅಂಟು ಹುಟ್ಟುವುದು. ಕೂಡಬೇಕಾದರೆ ಬೂದಿ ಸಿಮೆಂಟಿಗಿಂತ ನುಣ್ಣಗಿರಬೇಕು. ಅರೆಯದ ಕಣದ ಒಳಗೆಲ್ಲ ತೂತು, ಅದು ನೀರು ಕುಡಿಯುತ್ತದೆ. ಕಪ್ಪು ಬಣ್ಣ ಅಂದರೆ ಸುಡದೆ ಉಳಿದ ಇಂಗಾಲ, ಅದೂ ಕುಡಿಯುತ್ತದೆ. ನಾನು ಹಾಕಿದ ಒಣ ನಾರೂ ಕುಡಿಯಿತು. ಕಲಸಿದ ಮಾಲು ಬಿಗಿಯಾಯಿತು ಅಂತ ಮೇಸ್ತ್ರಿ ಮತ್ತೆ ಮತ್ತೆ ನೀರು ಹಾಕಿದರು, ನಾನು ಸುಮ್ನೆ ನೋಡುತ್ತಿದ್ದೆ. ಸಿಮೆಂಟ್ ಇಳಿಯಿತು, ನೀರು ಏರಿತು, ಇನ್ನು ಗಟ್ಟಿತನ ಎಲ್ಲಿಂದ ಬರಬೇಕು? ಗಾಡಿಗೆ ಏರಿಸುವಾಗಲೇ ಅಂಚು ಉದುರಿತು. ನಾರು ಹಿಡಿದುಕೊಂಡಿದ್ದರಿಂದ ಸ್ಲ್ಯಾಬ್ ಎರಡು ತುಂಡಾಗಲಿಲ್ಲ, ಆದರೆ ಉಗುರಲ್ಲಿ ಕೆರೆದರೆ ಪುಡಿ ಬರುತ್ತಿತ್ತು. ಆ ಇಡೀ ಆರ್ಡರ್ ನನ್ನ ಖರ್ಚಲ್ಲೇ ಮತ್ತೆ ಮಾಡಿಕೊಟ್ಟೆ.

ಬೂದಿ ಹಾಕಲೇಬೇಕು ಅಂದರೆ ಕಪ್ಪು ಬೂದಿ ಬಿಡಿ. ಸುಮಾರು 700 ಡಿಗ್ರಿ ದಾಟದಂತೆ ಸುಟ್ಟ ಬೂದಿ ಹುಡುಕಿ. ಅದಕ್ಕಿಂತ ತುಂಬಾ ಕಾದರೆ ಸಿಲಿಕಾ ಹರಳುಗಟ್ಟಿ ಮರಳಿನ ಹಾಗೆ ಸುಮ್ಮನೆ ಕೂರುತ್ತದೆ. ನುಣ್ಣಗೆ ಅರೆಸಿ, ಸಿಮೆಂಟಿನ ಶೇ. 10ರಷ್ಟನ್ನು ತೆಗೆದು ಆ ಜಾಗಕ್ಕೆ ಹಾಕಿ ಶುರು ಮಾಡಿ, 15 ದಾಟಬೇಡಿ. ಅದೂ ಓಪಿಸಿ, ಅಂದರೆ ಬೂದಿ ಬೆರೆಸದ ಸಾದಾ ಸಿಮೆಂಟ್ ಜೊತೆ ಮಾತ್ರ. ಪಿಪಿಸಿ ಅನ್ನುವ ಬೆರಕೆ ಸಿಮೆಂಟ್ ಚೀಲದಲ್ಲಿ ಹಾರುಬೂದಿ (ಕಲ್ಲಿದ್ದಲು ಸುಟ್ಟ ನುಣ್ಣನೆ ಬೂದಿ) ಮೊದಲೇ ಶೇ. 15ರಿಂದ 35 ಇರುತ್ತದೆ, ಅದರ ಮೇಲೆ ಮತ್ತೆ ಬೂದಿ ಯಾಕೆ? ನಾರನ್ನು ಎರಡು ಮೂರು ಸೆಂಟಿಮೀಟರ್ ಕತ್ತರಿಸಿ, ನೆನೆಸಿ, ಮೇಲಿನ ನೀರು ಆರಿಸಿ ಹಾಕಿ. ಕಾಂಕ್ರೀಟಿನ ಗಾತ್ರದಲ್ಲಿ ಶೇ. 1 ಮೀರಿದರೆ ಉಂಡೆ ಕಟ್ಟುತ್ತದೆ. ಕಾಂಕ್ರೀಟಿನ ಕ್ಷಾರ ನಾರನ್ನು ನಿಧಾನಕ್ಕೆ ತಿನ್ನುತ್ತದೆ, ಹಾಗಾಗಿ ಕಬ್ಬಿಣದ ಬದಲಿಗೆ ಅದನ್ನು ನಂಬಬೇಡಿ. ಬೂದಿ ಹಾಕಿದ ಮೇಲೆ ನಮ್ಮ ಬಿಸಿಲಿಗೆ ಕ್ಯೂರಿಂಗ್ 14 ದಿನ ಬೇಕೇ ಬೇಕು, ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಹೇಳುವುದೂ ಅಷ್ಟೇ.

ಇನ್ನೊಂದು. ನೈಸರ್ಗಿಕವೇ ಆಗಬೇಕು ಅಂತ ಯಾಕೆ ಹಟ? ನಿಮ್ಮ ಗುರಿ ಸಿಮೆಂಟ್ ಕಡಿಮೆ ಮಾಡುವುದು ಅಲ್ವಾ? ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್, ಅಂದರೆ ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟ, ನಮ್ಮ ಪಕ್ಕದಲ್ಲೇ ಇದೆ. ಸ್ಲ್ಯಾಗ್ ಸಿಮೆಂಟ್ ಚೀಲದಲ್ಲಿ ಶೇ. 25ರಿಂದ 70ರವರೆಗೂ ಸ್ಲ್ಯಾಗ್ ಇರಬಹುದು, ಅರೆದು, ಪರೀಕ್ಷೆಯಾಗಿ ಬಂದಿರುತ್ತದೆ. ನಾನೀಗ ಅದಕ್ಕೇ ನೆನೆಸಿದ ಪುಂಡಿ ನಾರು ಸೇರಿಸುತ್ತೇನೆ.

ಕಟ್ಟುವುದು ಏನು ಅಂತ ನೀವು ಬರೆದಿಲ್ಲ. ಹಿತ್ತಲ ಗೋಡೆ, ದನದ ಕೊಟ್ಟಿಗೆ ನೆಲ ಆದರೆ ಬೂದಿ ಹಾಕಿ ನೋಡಿ. ಮನೆ ಛಾವಣಿ ಆದರೆ ಇಂಜಿನಿಯರ್ ಒಪ್ಪದೆ ಒಂದು ಬುಟ್ಟಿ ಬೂದಿಯನ್ನೂ ಹಾಕಬೇಡಿ.