ಕರ್ನಲ್ ಸ್ಯಾಂಡರ್ಸ್ ಬರಿಗೈಲಿ ಶುರು ಮಾಡಿದ್ದು ನಿಜವೇ?

ಪ್ರಶ್ನೆ: ಕಳೆದ ವರ್ಷ ನಿವೃತ್ತನಾದೆ. ಕ್ಯಾತ್ಸಂದ್ರದಲ್ಲಿ ನನ್ನ ತಮ್ಮನ ತಟ್ಟೆ ಇಡ್ಲಿ ಹೋಟೆಲ್ ಚೆನ್ನಾಗಿ ನಡೀತಿದೆ. ನನ್ನ ಪಿಎಫ್ ಹಣ ಹಾಕಿ ಸಿರಾ, ಗುಬ್ಬಿ, ತಿಪಟೂರಲ್ಲೂ ಬ್ರಾಂಚ್ ತೆರೆಯೋಣ ಅಂತಾನೆ. ಕೆಎಫ್‌ಸಿಯ ಕರ್ನಲ್ ಸ್ಯಾಂಡರ್ಸ್ 65ರಲ್ಲಿ ಬರಿಗೈಲಿ ಶುರು ಮಾಡಿ, 1009 ಕಡೆ ‘ಬೇಡ’ ಅನ್ನಿಸಿಕೊಂಡೂ ಗೆದ್ದರು ಅನ್ನೋ ವಾಟ್ಸಾಪ್ ಮೆಸೇಜ್ ಕಳಿಸಿದ್ದಾನೆ. ನಿಜವೇ? ಧೈರ್ಯ ಮಾಡಬಹುದೇ?
– ಓದುಗರು, ತುಮಕೂರು

ಉತ್ತರ: ಆ 1009ನ್ನು ಪಕ್ಕಕ್ಕಿಡಿ ಸಾರ್. ಊರೂರು ಅಲೆಯುವವರು ಬೇಡ ಅಂದವರ ಲೆಕ್ಕ ಬರೆದಿಡುವುದಿಲ್ಲ. ದಾರಿ ತಪ್ಪಿಸುವ ಮಾತು ‘ಬರಿಗೈ’ ಅನ್ನುವುದು.

1890ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿದ ಹಾರ್ಲೆಂಡ್ ಸ್ಯಾಂಡರ್ಸ್‌ಗೆ ಐದನೇ ವಯಸ್ಸಿಗೇ ತಂದೆ ಇಲ್ಲ. ತಾಯಿ ದುಡಿಯಲು ಹೋದರೆ ಮನೆಯ ಅಡುಗೆ ಈ ಹುಡುಗನದು. ಮುಂದೆ ರೈಲ್ವೆ, ಇನ್ಶೂರೆನ್ಸ್, ಟೈರ್ ಮಾರಾಟ ಎಲ್ಲ ಆಯಿತು. 1930ರಲ್ಲಿ ಕೆಂಟಕಿಯ ಕಾರ್ಬಿನ್‌ನಲ್ಲಿ ಪೆಟ್ರೋಲ್ ಬಂಕ್ ಹಿಡಿದು, ಅಲ್ಲೇ ಊಟ ಹಾಕತೊಡಗಿದರು. ಬಾಣಲೆಯಲ್ಲಿ ಕೋಳಿ ಕರಿಯಲು ಅರ್ಧ ಗಂಟೆ ಬೇಕು, ಗಿರಾಕಿ ಕಾಯುವುದಿಲ್ಲ. 1939ರಲ್ಲಿ ಪ್ರೆಶರ್ ಕುಕ್ಕರ್ ತಂದು ಆ ಕಷ್ಟ ನೀಗಿಸಿಕೊಂಡರು. ಆಮೇಲೆ ಹೊಸ ಹೆದ್ದಾರಿ ಊರಿನಾಚೆಗೆ ಸರಿಯಿತು. 1956ರಲ್ಲಿ ಹೋಟೆಲ್ ಹರಾಜಾಯಿತು, ತಿಂಗಳಿಗೆ 105 ಡಾಲರ್ ಪಿಂಚಣಿ ಉಳಿಯಿತು. ಕಾಸಿರಲಿಲ್ಲ, ಸರಿ. ಕೈಯಲ್ಲಿ ಕಾಲು ಶತಮಾನದ ಕಸುಬಿತ್ತಲ್ಲ! ಅಷ್ಟೇ ಅಲ್ಲ, ಸಾಲ್ಟ್ ಲೇಕ್ ಸಿಟಿಯ ಹೋಟೆಲ್ ಮಾಲೀಕ ಪೀಟ್ ಹಾರ್ಮನ್ 1952ರಲ್ಲೇ ಅವರ ಕೋಳಿ ಮಾರಲು ಒಪ್ಪಿಕೊಂಡಿದ್ದರು.

ನಿಮ್ಮ ತಮ್ಮ ಗಮನಿಸಬೇಕಾದದ್ದು ಮುಂದಿನದು. ಸ್ಯಾಂಡರ್ಸ್ ಅಲೆದದ್ದು ಬ್ರಾಂಚ್ ತೆರೆಯಲಿಕ್ಕಲ್ಲ. ಆಗಲೇ ನಡೆಯುತ್ತಿದ್ದ ಹೋಟೆಲುಗಳಿಗೆ ಹೋಗಿ ಕರಿದು ತೋರಿಸುತ್ತಿದ್ದರು. ಒಪ್ಪಿದವರು ಮಾರಿದ ಕೋಳಿಗೆ ಇಷ್ಟು ಸೆಂಟ್ ಅಂತ ಕೊಡಬೇಕು. ಹೆಂಡತಿ ಕ್ಲಾಡಿಯಾ ಮನೆಯಲ್ಲೇ ಮಸಾಲೆ ಕಟ್ಟಿ ಕಳಿಸುತ್ತಿದ್ದರು. ಬಾಡಿಗೆ, ಆಳಿನ ಸಂಬಳ, ನಷ್ಟ ಎಲ್ಲ ಆ ಹೋಟೆಲಿನವರದು. ನಿಮ್ಮಲ್ಲಿ ಮೂರೂ ಊರಿನ ಅಡ್ವಾನ್ಸ್ ನಿಮ್ಮ ಪಿಎಫ್‌ನಿಂದ ಹೋಗುತ್ತದೆ.

ಇನ್ನೊಂದು ತೊಡಕು ಹಿಟ್ಟಿನದು. ಮಸಾಲೆ ಪಾರ್ಸೆಲ್ ಆಗುತ್ತದೆ, ಹುದುಗಿದ ಹಿಟ್ಟು ಆಗುವುದಿಲ್ಲ. ಚಳಿಯಲ್ಲಿ ಉಬ್ಬುವುದು ತಡ, ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಹುಳಿ. ತಮ್ಮ ಇಲ್ಲದ ದಿನವೂ ಅದೇ ಇಡ್ಲಿ ಬರುತ್ತದೆಯೇ? ಒಂದು ತಿಂಗಳು ಅವನನ್ನು ಅಡುಗೆಮನೆಯಿಂದ ಹೊರಗಿಟ್ಟು ನೋಡಿ. ಬಂದರೆ, ಗುಬ್ಬಿಯಲ್ಲಿ ಈಗಾಗಲೇ ಹೋಟೆಲ್ ಇರುವವರೊಬ್ಬರಿಗೆ ಕಲಿಸಿಕೊಟ್ಟು ಪ್ಲೇಟಿಗಿಷ್ಟು ಅಂತ ಮಾತಾಡಿ. ಪಿಎಫ್ ಬ್ಯಾಂಕಲ್ಲೇ ಇರಲಿ, ನಿಮ್ಮ ವಯಸ್ಸಿನಲ್ಲಿ ಅದು ಮತ್ತೆ ಹುಟ್ಟುವ ದುಡ್ಡಲ್ಲ.

ಕಾಗದಪತ್ರ ಮಾತ್ರ ಮೊದಲೇ ಆಗಲಿ. 1964ರಲ್ಲಿ ಸ್ಯಾಂಡರ್ಸ್ 20 ಲಕ್ಷ ಡಾಲರಿಗೆ ಕಂಪನಿ ಮಾರಿದರು, ಬೋರ್ಡಿನ ಮೇಲಿದ್ದ ಅವರದೇ ಮುಖವೂ ಅದರ ಜೊತೆಗೇ ಹೋಯಿತು. ಆಮೇಲೆ ಅಲ್ಲಿನ ಗ್ರೇವಿಯನ್ನು ಗೋಡೆ ಕಾಗದದ ಅಂಟು ಅಂತ ಬೈದಾಗ, ಕೆಎಫ್‌ಸಿ ಹೆಸರಲ್ಲಿ ಹೋಟೆಲ್ ನಡೆಸುತ್ತಿದ್ದ ಒಂದು ಫ್ರಾಂಚೈಸಿ ಅವರ ಮೇಲೇ ಮಾನನಷ್ಟದ ಕೇಸು ಹಾಕಿತು. ಕೋರ್ಟಲ್ಲಿ ಅದು ನಿಲ್ಲಲಿಲ್ಲ ಅನ್ನುವುದು ಬೇರೆ ಮಾತು. ‘ತಟ್ಟೆ ಇಡ್ಲಿ’ ಅನ್ನುವ ಹೆಸರು ಯಾರ ಸ್ವತ್ತೂ ಅಲ್ಲ. ನಿಮ್ಮ ಹೋಟೆಲಿನ ಹೆಸರನ್ನು ಮಾತ್ರ ಹೋಟೆಲ್ ಸೇವೆಗಳಿಗಿರುವ 43ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿ. ಅದು ತಮ್ಮನ ಹೆಸರಿಗೋ, ಇಬ್ಬರ ಹೆಸರಿಗೋ ಅನ್ನುವುದನ್ನು ಅರ್ಜಿ ಹಾಕುವ ಮುನ್ನವೇ ಮನೆಯಲ್ಲಿ ತೀರ್ಮಾನಿಸಿಕೊಳ್ಳಿ.